‘ಆಳು’ ಪದದ ಎರಡು ಅರ್ಥಗಳು: ಕೋಲಾರ ಸೀಮೆಯ ಕ್ರೈಸ್ತ ಬದುಕಿನಲ್ಲಿ ದೇವರ ರಾಜ್ಯದ ಮೌಲ್ಯಗಳು

ಕ್ರೈಸ್ತ ಧರ್ಮದ ಕೇಂದ್ರ ಪರಿಕಲ್ಪನೆಗಳಲ್ಲಿ ‘ದೇವರ ರಾಜ್ಯ’ ಎಂಬುದು ಮುಖ್ಯವಾದುದು. ಸುವಾರ್ತೆಗಳಲ್ಲಿ ಯೇಸುವಿನ ಬೋಧನೆಯು ಈ ರಾಜ್ಯ ಸಮೀಪಿಸಿದೆ ಎಂಬ ಘೋಷಣೆಯಿಂದಲೇ ಆರಂಭಗೊಳ್ಳುತ್ತದೆ. ಆತನು ಹೇಳಿದ ಸಾಮ್ಯಗಳಲ್ಲಿ ಹೆಚ್ಚಿನವು ಇದನ್ನೇ ವಿವರಿಸುತ್ತವೆ. ಆದರೂ ಕನ್ನಡದ ಕ್ರೈಸ್ತೇತರ ಓದುಗರಿಗೆ ಮಾತ್ರವಲ್ಲ, ಅನೇಕ ಕ್ರೈಸ್ತ ಕುಟುಂಬಗಳಿಗೂ ಈ ಮಾತು ಮೊದಲು ನೆನಪಿಗೆ ತರುವುದು ಸತ್ತ ನಂತರ ಸೇರಬಹುದಾದ ಒಂದು ಲೋಕವನ್ನು. ಸುವಾರ್ತೆಗಳ ಒಟ್ಟು ಆಶಯ ಇದಕ್ಕಿಂತ ಭಿನ್ನವಾದುದು. ಅಲ್ಲಿ ದೇವರ ರಾಜ್ಯವೆಂದರೆ ಕೂಲಿ ಕೊಡುವ ಕ್ರಮ, ಸಾಲ ಮನ್ನಾ ಮಾಡುವ ಕ್ರಮ, ಊಟಕ್ಕೆ ಯಾರನ್ನು ಕರೆಯಬೇಕೆಂಬ ಕ್ರಮ, ಹಗೆಯವನೊಡನೆ ನಡೆದುಕೊಳ್ಳುವ ಕ್ರಮ. ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಇಹದ ನಡೆಯನ್ನು ಕುರಿತ ವಿಚಾರ.

ಪ್ರಸ್ತುತ ಲೇಖನವು ಈ ಪರಿಕಲ್ಪನೆಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಾಮಾಜಿಕ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸುತ್ತದೆ. ಈ ಪ್ರದೇಶದ ಆಯ್ಕೆಗೆ ಕಾರಣಗಳಿವೆ. ಇದು ಜೀವನದಿಗಳಿಲ್ಲದ, ಕೆರೆಗಳನ್ನು ನಂಬಿ ಬದುಕಿದ ಬಯಲುಸೀಮೆ. ಕನ್ನಡ, ತೆಲುಗು, ತಮಿಳು, ಉರ್ದು ಭಾಷೆಗಳು ಒಂದರೊಡನೊಂದು ಬೆರೆತಿರುವ ಗಡಿನಾಡು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಶೇ. 30ರಷ್ಟಿದ್ದು, ರಾಜ್ಯದ ಜಿಲ್ಲೆಗಳಲ್ಲೇ ಇದು ಅತಿ ಹೆಚ್ಚಿನದು. ಇಲ್ಲಿನ ಕ್ರೈಸ್ತ ಸಮುದಾಯ ಸಂಖ್ಯೆಯಲ್ಲಿ ಚಿಕ್ಕದು. ಆದರೆ ಬರ, ಜಾತಿ, ಸಾಲ, ಕೂಲಿ ಎಂಬ ನಾಲ್ಕು ವಾಸ್ತವಗಳ ನಡುವೆಯೇ ಅದು ರೂಪುಗೊಂಡಿದೆ. ಅನುವಾದದ ಭಾಷೆಯಲ್ಲಿ ಸಂಕೋಚಗೊಂಡ ಅರ್ಥವೊಂದು ಬದುಕಿನ ವ್ಯವಹಾರದಲ್ಲಿ ಹೇಗೆ ಮತ್ತೆ ಹಿಗ್ಗುತ್ತದೆ ಎಂಬುದನ್ನು ಅರಿಯಲು ಇಂಥ ಪ್ರದೇಶ ಹೆಚ್ಚು ನೆರವಾಗುತ್ತದೆ.

ಪದದ ಸಮಸ್ಯೆ

ಬೈಬಲ್ಲಿನ ಕನ್ನಡ ಅನುವಾದಕ್ಕೆ ಸುಮಾರು ಎರಡು ಶತಮಾನಗಳ ಇತಿಹಾಸವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ, ವಿಲಿಯಂ ರೀವ್ ಮೊದಲಾದವರ ಸಹಕಾರದಿಂದ ಕೈಗೊಂಡ ಅನುವಾದ 1831ರ ವೇಳೆಗೆ ಪೂರ್ಣಗೊಂಡಿತು. ಮುಂದೆ ಪರಿಷ್ಕಾರಗಳು ನಡೆದು, ಪ್ರಾಟೆಸ್ಟೆಂಟ್ ಸಭೆಗಳಲ್ಲಿ ‘ಸತ್ಯವೇದ’ವೆಂಬ ಹೆಸರಿನಲ್ಲಿ ಬಳಕೆಯಾಗುತ್ತಿರುವ ಪಠ್ಯ ಸಿದ್ಧವಾಯಿತು. ಕಥೋಲಿಕ ಧರ್ಮಸಭೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜಾವಿಧಿಗೆ ದೇಶಭಾಷೆಗಳು ಬಂದವು. ಆ ಬಳಿಕ ಸರಳಗನ್ನಡದ ಬೇರೊಂದು ಅನುವಾದವೂ ರೂಢಿಗೆ ಬಂದಿತು. ಹೀಗಾಗಿ ಕನ್ನಡದಲ್ಲಿ ಇಂದು ಎರಡು ಕ್ರೈಸ್ತ ಪರಿಭಾಷೆಗಳು ಅಕ್ಕಪಕ್ಕದಲ್ಲಿವೆ. ಒಂದು ಕಡೆ ಸುವಾರ್ತೆ, ಸಾಮ್ಯ, ಕರ್ತನು, ಯೆಹೋವ, ನೀತಿ. ಇನ್ನೊಂದು ಕಡೆ ಶುಭಸಂದೇಶ, ಸಾಮತಿ, ಪ್ರಭು, ಸರ್ವೇಶ್ವರ, ಸತ್ಸಂಬಂಧ. ಒಂದು ಪರಂಪರೆ ‘ದೇವರ ರಾಜ್ಯ’, ‘ಪರಲೋಕರಾಜ್ಯ’ ಎಂದರೆ, ಇನ್ನೊಂದು ‘ದೇವರ ಸಾಮ್ರಾಜ್ಯ’, ‘ಸ್ವರ್ಗಸಾಮ್ರಾಜ್ಯ’ ಎನ್ನುತ್ತದೆ.

ಮೂಲ ಗ್ರೀಕಿನ ‘ಬಸಿಲೇಯಾ’ ಎಂಬ ಪದಕ್ಕೆ ಒಂದು ಸೀಮೆ ಎಂಬುದಕ್ಕಿಂತ ರಾಜನಾಗಿರುವಿಕೆ, ಆಳ್ವಿಕೆ ಎಂಬ ಅರ್ಥಗಳೇ ಮುಖ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದರ ಹಿನ್ನೆಲೆಯಲ್ಲಿರುವ ಹೀಬ್ರೂವಿನ ‘ಮಲ್ಕೂತ್’ ಪದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡದ ‘ರಾಜ್ಯ’ ಪದಕ್ಕೆ ಆಳ್ವಿಕೆಯೆಂಬ ಅರ್ಥವಿದ್ದರೂ, ಇಂದಿನ ಬಳಕೆಯಲ್ಲಿ ಅದು ಗಡಿ ಇರುವ ಭೂಭಾಗವನ್ನೇ ಮೊದಲು ಸೂಚಿಸುತ್ತದೆ. ‘ಪರಲೋಕ’ ಎಂಬ ಪೂರ್ವಪದ ಸೇರಿದಾಗ ಆ ಭೂಭಾಗ ಇನ್ನಷ್ಟು ದೂರ ಸರಿಯುತ್ತದೆ. ಯೆಹೂದ್ಯರು ದೇವರ ಹೆಸರನ್ನು ನೇರವಾಗಿ ಉಚ್ಚರಿಸಲು ಹಿಂಜರಿದು ‘ಪರಲೋಕ’ವೆಂದು ಹೇಳುತ್ತಿದ್ದರು, ಮತ್ತಾಯನ ಸುವಾರ್ತೆ ಆ ಗೌರವದ ರೂಢಿಯನ್ನು ಅನುಸರಿಸಿದೆ ಎಂಬುದು ಬಹುಕಾಲದಿಂದ ಮನ್ನಣೆ ಪಡೆದ ವಿವರಣೆ. ಆದರೆ ಕನ್ನಡದ ಕಿವಿಗೆ ಅದು ಸ್ಥಳವಾಚಕವಾಗಿಯೇ ಕೇಳುತ್ತದೆ. ‘ಸಾಮ್ರಾಜ್ಯ’ ಎಂಬ ಪದವಾದರೋ ದಂಡಯಾತ್ರೆ ಮತ್ತು ವೈಭವದ ನೆನಪುಗಳನ್ನು ಹೊತ್ತುಕೊಂಡು ಬರುತ್ತದೆ.

ಕನ್ನಡದಲ್ಲಿಯೇ ಇರುವ ‘ಆಳು’ ಎಂಬ ಪದ ಇಲ್ಲಿ ಗಮನಾರ್ಹ. ಕ್ರಿಯಾಪದವಾಗಿ ಅದಕ್ಕೆ ಒಡೆತನ ನಡೆಸು, ರಾಜ್ಯಭಾರ ಮಾಡು ಎಂಬರ್ಥ. ನಾಮಪದವಾಗಿ ಸೇವಕ, ಕೂಲಿಯವನು ಎಂಬರ್ಥ. ಇವೆರಡೂ ಒಂದೇ ಧಾತುವಿನಿಂದ ಬಂದವೇ ಎಂಬುದು ಭಾಷಾವಿಜ್ಞಾನಿಗಳು ನಿರ್ಣಯಿಸಬೇಕಾದ ವಿಷಯ. ಇಲ್ಲಿ ರೂಪಸಾಮ್ಯವಷ್ಟೇ ಸಾಕು. ತನ್ನ ಶಿಷ್ಯರಲ್ಲಿ ದೊಡ್ಡವನಾಗಬೇಕೆಂದಿರುವವನು ಎಲ್ಲರ ಸೇವಕನಾಗಬೇಕೆಂದು ಯೇಸು ಕಲಿಸುತ್ತಾನೆ. ಕಡೆಯ ಊಟದ ಸಂದರ್ಭದಲ್ಲಿ ಆಳಿನ ಕೆಲಸವಾದ ಕಾಲು ತೊಳೆಯುವುದನ್ನು ತಾನೇ ಮಾಡುತ್ತಾನೆ. ಆಳುವವನು ಆಳಾಗುವ ಈ ತಿರುವೇ ದೇವರ ರಾಜ್ಯದ ತಿರುಳು. ಸಂಸ್ಕೃತಮೂಲದ ‘ರಾಜ್ಯ’ ಹೇಳಲಾರದ್ದನ್ನು ದೇಸಿಯಾದ ‘ಆಳು’ ಸಹಜವಾಗಿ ಹೇಳುತ್ತದೆ.

‘ನೀತಿ’ ಎಂಬ ಅನುವಾದವೂ ಇಂಥದೇ ಚರ್ಚೆಯನ್ನು ಬೇಡುತ್ತದೆ. ಗ್ರೀಕಿನ ‘ದಿಕಾಯೊಸುನೆ’ಯಲ್ಲಿ ವ್ಯಕ್ತಿಯ ಸದಾಚಾರವೂ ಸಮಾಜದ ನ್ಯಾಯವೂ ಸೇರಿವೆ. ಕನ್ನಡದಲ್ಲಿ ‘ನೀತಿವಂತ’ನೆಂದರೆ ಸಾಮಾನ್ಯವಾಗಿ ದುಶ್ಚಟಗಳಿಲ್ಲದವನು, ಮಾತಿಗೆ ತಪ್ಪದವನು. ಅನ್ಯಾಯವನ್ನು ಸರಿಪಡಿಸುವವನೆಂಬ ಅರ್ಥ ಹಿಂದೆ ಸರಿಯುತ್ತದೆ. ಹೊಸ ಅನುವಾದದ ‘ಸತ್ಸಂಬಂಧ’ವು ದೇವರೊಡನೆ ಮನುಷ್ಯನ ನಂಟನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ನ್ಯಾಯದ ಹರಿತ ಅದರಲ್ಲಿಯೂ ಕಡಿಮೆ. ಕುಡಿಯಬಾರದು, ಸುಳ್ಳು ಹೇಳಬಾರದು ಎಂಬ ನಿಷೇಧಗಳ ಪಟ್ಟಿಯಾಗಿಯೇ ಕ್ರೈಸ್ತ ನಡತೆಯನ್ನು ತಿಳಿಯುವ ರೂಢಿ ಬೆಳೆದುದರಲ್ಲಿ ಈ ಪದಗಳ ಪಾತ್ರವೂ ಇರಬಹುದು.

ಬರದ ನೆಲದಲ್ಲಿ ಹುಟ್ಟಿದ ಸಭೆ

ಕೋಲಾರ ಸೀಮೆಯ ಪ್ರಾಟೆಸ್ಟೆಂಟ್ ಕ್ರೈಸ್ತ ಸಮುದಾಯದ ಇತಿಹಾಸ 1876–78ರ ಮಹಾಕ್ಷಾಮದೊಂದಿಗೆ ಹೆಣೆದುಕೊಂಡಿದೆ. 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 41 ಲಕ್ಷ 86 ಸಾವಿರಕ್ಕೆ ಇಳಿಯಿತೆಂಬುದೇ ಆ ಕ್ಷಾಮದ ಭೀಕರತೆಯನ್ನು ತಿಳಿಸುತ್ತದೆ. ಆ ದಿನಗಳಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಅನಾಥಾಲಯ ನಡೆಸಿದರು. ಅವರ ಕಾರ್ಯಕ್ಷೇತ್ರವು 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಹಸ್ತಾಂತರಗೊಂಡಿತು. ಅದೇ ಸಭೆಯ ಮಹಿಳಾ ವಿದೇಶ ಮಿಷನರಿ ಸಂಘದ ಆಶ್ರಯದಲ್ಲಿ 1910ರ ಸುಮಾರಿಗೆ ಎಲನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಆರಂಭಗೊಂಡು, ಇ.ಟಿ.ಸಿ.ಎಂ. ಆಸ್ಪತ್ರೆಯೆಂದೇ ಜನಬಳಕೆಯಲ್ಲಿ ಹೆಸರಾಯಿತು.

ಈ ಇತಿಹಾಸವನ್ನು ಎರಡು ರೀತಿಯಲ್ಲಿ ಓದಲಾಗಿದೆ. ಹಸಿದವರ ಅಸಹಾಯಕತೆಯನ್ನು ಮತಾಂತರಕ್ಕೆ ಬಳಸಿಕೊಳ್ಳಲಾಯಿತು ಎಂಬುದು ಒಂದು ಓದು. ಯಾರೂ ಮುಟ್ಟದ ಮಕ್ಕಳನ್ನು ಮುಟ್ಟಿ, ಅನ್ನ ಅಕ್ಷರ ಕೊಟ್ಟರು ಎಂಬುದು ಇನ್ನೊಂದು ಓದು. ವಸಾಹತುಶಾಹಿ ಅಧಿಕಾರದ ನೆರಳಿನಲ್ಲಿ ಮಿಷನ್ನುಗಳು ಕೆಲಸ ಮಾಡಿದವೆಂಬುದನ್ನು ಮರೆಯಬೇಕಾಗಿಲ್ಲ. ಹಸಿದವನಿಗೆ ಉಣಬಡಿಸುವುದನ್ನು, ರೋಗಿಯನ್ನು ನೋಡಿಕೊಳ್ಳುವುದನ್ನು ಸ್ವತಃ ಅರಸನಿಗೇ ಮಾಡಿದ ಸೇವೆಯೆಂದು ಎಣಿಸುವ ಸುವಾರ್ತೆಯ ಅಂತಿಮ ನ್ಯಾಯತೀರ್ಪಿನ ಚಿತ್ರವನ್ನು ಈ ಸಂಸ್ಥೆಗಳು ಅಕ್ಷರಶಃ ತೆಗೆದುಕೊಂಡವೆಂಬುದನ್ನೂ ಮರೆಯಬೇಕಾಗಿಲ್ಲ. ಆ ಚಿತ್ರದಲ್ಲಿ ಅರಸನ ಬಲಗಡೆಯಲ್ಲಿ ನಿಲ್ಲುವವರಿಗೆ ತಾವು ಸೇವೆ ಮಾಡಿದ್ದು ಅರಸನಿಗೆಂಬುದು ತಿಳಿದೇ ಇರುವುದಿಲ್ಲ. ಸೇವೆಗೆ ಪ್ರತಿಫಲವನ್ನು, ಮತಾಂತರವೆಂಬ ಪ್ರತಿಫಲವನ್ನೂ ಸೇರಿಸಿ, ಲೆಕ್ಕ ಹಾಕುವ ಮನೋಧರ್ಮಕ್ಕೆ ಈ ಪಠ್ಯದಲ್ಲಿಯೇ ವಿಮರ್ಶೆಯಿದೆಯೆಂಬುದು ಗಮನಿಸಬೇಕಾದ ಅಂಶ.

ಅಕ್ಕಡಿ ಸಾಲಿನ ಸಾಸಿವೆ

ದೇವರ ರಾಜ್ಯವನ್ನು ಯೇಸು ತತ್ವದ ಭಾಷೆಯಲ್ಲಿ ವ್ಯಾಖ್ಯಾನಿಸುವುದಿಲ್ಲ. ಹೊಲ, ಅಡುಗೆಮನೆ, ಮಾರುಕಟ್ಟೆಗಳ ಭಾಷೆಯಲ್ಲಿ ಹೋಲಿಸಿ ತೋರಿಸುತ್ತಾನೆ. ಧರ್ಮದ ಮಾತನ್ನು ಜನರ ನುಡಿಗೆ ಇಳಿಸುವ ಕ್ರಮ ಕೋಲಾರ ಸೀಮೆಗೆ ಹೊಸದೇನಲ್ಲ. 15ನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಸಂಸ್ಕೃತದ ವೇದಾಂತವನ್ನು ಕನ್ನಡದ ಕೀರ್ತನೆಗಳಿಗೆ ತಂದು ಹರಿದಾಸ ಪರಂಪರೆಗೆ ಅಡಿಪಾಯ ಹಾಕಿದವರಲ್ಲೊಬ್ಬರು. ಅದೇ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಗೀತೆಯನ್ನು ಜೀವನಧರ್ಮದ ಶಾಸ್ತ್ರವಾಗಿ ವಿವರಿಸಿದರು. ತತ್ವಗಳು ಬೇರೆ ಬೇರೆಯಾದರೂ ಧರ್ಮವನ್ನು ದಿನದ ಬಾಳಿಗೆ ತಂದು ಪರೀಕ್ಷಿಸುವ ದೃಷ್ಟಿ ಇಲ್ಲೆಲ್ಲ ಕಾಣುತ್ತದೆ.

ಸಾಸಿವೆ ಕಾಳಿನ ಸಾಮ್ಯವನ್ನು ಈ ನೆಲದ ಕೃಷಿಯ ಹಿನ್ನೆಲೆಯಲ್ಲಿ ಓದಬಹುದು. ಸಾಮಾನ್ಯ ವ್ಯಾಖ್ಯಾನಗಳು ಕಾಳಿನ ಕಿರಿದುತನವನ್ನೂ ಗಿಡದ ಹಿರಿದುತನವನ್ನೂ ಎತ್ತಿ ಹೇಳುತ್ತವೆ. ದಕ್ಷಿಣ ಕರ್ನಾಟಕದ ರಾಗಿ ಹೊಲದಲ್ಲಿ ಸಾಸಿವೆ ಮುಖ್ಯ ಬೆಳೆಯಲ್ಲ. ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆಗೆ ಅಕ್ಕಡಿ ಸಾಲಿನಲ್ಲಿ ಬೆಳೆಯುವಂಥದು. ಹೊಲದ ಹೆಸರು ರಾಗಿಯದು. ಆದರೆ ಮಳೆ ಕೈಕೊಟ್ಟು ರಾಗಿ ಸೊರಗಿದ ವರ್ಷ ಮನೆಯ ಕೈಹಿಡಿಯುವುದು ಅಕ್ಕಡಿಯೇ. 2011ರ ಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ. 1.87ರಷ್ಟಿರುವ ಕ್ರೈಸ್ತರಿಗೆ ಈ ಓದು ಒಪ್ಪುವಂಥದು. ಹೊಲವನ್ನೆಲ್ಲ ಆಕ್ರಮಿಸದೆ, ಇತರ ಬೆಳೆಗಳ ನಡುವೆ ನಿಂತು, ಆ ಹೊಲಕ್ಕೇ ಉಪಯೋಗವಾಗುವುದು ಇಲ್ಲಿನ ಆದರ್ಶ. ಹೆಂಗಸೊಬ್ಬಳು ಹಿಟ್ಟಿನಲ್ಲಿ ಅಡಗಿಸಿಟ್ಟ ಹುಳಿಯ ಸಾಮ್ಯವೂ ಇದನ್ನೇ ಹೇಳುತ್ತದೆ. ಹುಳಿ ಕಣ್ಣಿಗೆ ಕಾಣದು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ. ದೇವರ ರಾಜ್ಯದ ಕೆಲಸಕ್ಕೆ ಅಡುಗೆಮನೆಯ ಹೆಣ್ಣನ್ನೇ ಉಪಮಾನವಾಗಿ ಆರಿಸಿಕೊಂಡದ್ದು ಆ ಕಾಲದ ಧಾರ್ಮಿಕ ಭಾಷೆಯಲ್ಲಿ ಸಣ್ಣ ಸಂಗತಿಯಲ್ಲ.

ಸಾಲವೋ ತಪ್ಪೋ

ಕ್ರೈಸ್ತರೆಲ್ಲರೂ ದಿನನಿತ್ಯ ಹೇಳುವ ಕರ್ತನ ಪ್ರಾರ್ಥನೆಯಲ್ಲಿ ದೇವರ ರಾಜ್ಯ ಬರಲೆಂಬ ಕೋರಿಕೆಯ ಹಿಂದೆಯೇ ಅನ್ನದ ಕೋರಿಕೆಯೂ ಕ್ಷಮೆಯ ಕೋರಿಕೆಯೂ ಇವೆ. ಕನ್ನಡದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವುದು ‘ತಪ್ಪು’ಗಳಿಗೆ. ಆದರೆ ಮತ್ತಾಯನ ಗ್ರೀಕ್ ಪಠ್ಯದಲ್ಲಿರುವ ಪದದ ನೇರ ಅರ್ಥ ‘ಸಾಲಗಳು’ ಎಂದು. ಯೇಸುವಿನ ಆಡುನುಡಿಯಾಗಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದ ಬಳಕೆಯಾಗುತ್ತಿತ್ತು. ಅನುವಾದಕರು ಪಾಪದ ಅರ್ಥವನ್ನು ಉಳಿಸಿಕೊಂಡು ಸಾಲದ ಅರ್ಥವನ್ನು ಬಿಟ್ಟರು. ಇದು ತಪ್ಪು ಅನುವಾದವಲ್ಲ. ಆದರೆ ಇದರಿಂದ ಪ್ರಾರ್ಥನೆಯ ಆರ್ಥಿಕ ಮುಖ ಮರೆಯಾಯಿತು.

ಈ ಮರೆವಿನ ಬೆಲೆಯನ್ನು ಅರಿಯಲು ಕೋಲಾರಕ್ಕಿಂತ ಸೂಕ್ತವಾದ ಸ್ಥಳ ಬೇರೆ ಇಲ್ಲವೆನ್ನಬಹುದು. ಜೀತದ ಬೇರು ಸಾಲದಲ್ಲಿತ್ತು. ತಂದೆ ಪಡೆದ ಮುಂಗಡವನ್ನು ಮಗ ದುಡಿದು ತೀರಿಸುವ ಪದ್ಧತಿಯನ್ನು 1976ರ ಜೀತ ವಿಮುಕ್ತಿ ಕಾಯಿದೆ ರದ್ದುಪಡಿಸಿ, ಆ ಸಾಲಗಳನ್ನೂ ಅಸಿಂಧುಗೊಳಿಸಿತು. ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿ ಇಳಿದ ಕಾಲದಲ್ಲಿ ನೀರು ಸಿಗದ ರೈತ ಸಾಲಗಾರನಾದ. ಹೆಣ್ಣುಮಕ್ಕಳ ಗುಂಪುಗಳ ಮೂಲಕ ಮೈಕ್ರೋಫೈನಾನ್ಸ್ ಕಂಪನಿಗಳು ಹರಡಿದವು. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಈ ಸಾಲಗಳ ಮರುಪಾವತಿಯನ್ನು ನಿಲ್ಲಿಸುವಂತೆ ಮುಸ್ಲಿಂ ಸಮುದಾಯದ ಅಂಜುಮನ್ ಕರೆ ಕೊಟ್ಟದ್ದು ದೇಶದ ಗಮನ ಸೆಳೆಯಿತು. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ವಾರದ ಕಂತು ಕಟ್ಟಲು ಪರದಾಡುವ ಕ್ರೈಸ್ತ ಹೆಣ್ಣುಮಗಳು ಭಾನುವಾರ ‘ತಪ್ಪು’ಗಳ ಕ್ಷಮೆ ಕೇಳುವಾಗ, ತನ್ನ ಸೋಮವಾರದ ಸಾಲಕ್ಕೂ ಆ ಪ್ರಾರ್ಥನೆಗೂ ಸಂಬಂಧವಿದೆಯೆಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ಮೆಥಡಿಸ್ಟ್ ಪರಂಪರೆಯೊಳಗೇ ಈ ಸಂಬಂಧ ಇತ್ತೆಂಬುದು ಸ್ವಾರಸ್ಯಕರ. ಆ ಪಂಥದ ಪ್ರವರ್ತಕ ಜಾನ್ ವೆಸ್ಲಿ (1703–1791) ಕಟ್ಟಿದ ವಾರದ ಕೂಟಗಳು 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಆರಂಭಗೊಂಡದ್ದು ಪ್ರಾರ್ಥನಾಮಂದಿರದ ಕಟ್ಟಡದ ಸಾಲವನ್ನು ತೀರಿಸಲು. ಸುಮಾರು ಹನ್ನೆರಡು ಜನರ ಗುಂಪು, ವಾರಕ್ಕೆ ತಲೆಗೊಂದು ಪೆನ್ನಿ, ಕೊಡಲಾಗದವರ ಪಾಲನ್ನು ಗುಂಪಿನ ನಾಯಕನೇ ಭರಿಸುವುದು — ಹೀಗೆ ಶುರುವಾದ ವ್ಯವಸ್ಥೆ ಕ್ರಮೇಣ ಪರಸ್ಪರರ ಬದುಕನ್ನು ವಿಚಾರಿಸಿಕೊಳ್ಳುವ ಕೂಟವಾಗಿ ಬೆಳೆಯಿತು. ಮರುವರ್ಷ ಆತ ರೂಪಿಸಿದ ಸಾಮಾನ್ಯ ನಿಯಮಗಳಲ್ಲಿ ಅನ್ಯಾಯದ ಬಡ್ಡಿಗೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ, ತೀರಿಸುವ ಸಂಭವವಿಲ್ಲದೆ ಸಾಲ ಮಾಡುವುದನ್ನೂ ನಿಷೇಧಿಸಲಾಗಿತ್ತು. ಇಂದಿನ ಸ್ವಸಹಾಯ ಗುಂಪು ಮತ್ತು ವೆಸ್ಲಿಯ ಕೂಟ ಹೊರನೋಟಕ್ಕೆ ಒಂದೇ ಬಗೆಯವು. ವಾರದ ಸಭೆ, ಸಣ್ಣ ಗುಂಪು, ಪರಸ್ಪರ ಹೊಣೆ. ಆದರೆ ಕೊಡಲಾಗದವಳ ಹೊಣೆಯನ್ನು ಗುಂಪು ಒತ್ತಡವಾಗಿ ಹೇರುತ್ತದೆಯೋ, ಹಂಚಿಕೊಂಡು ಹೊರುತ್ತದೆಯೋ ಎಂಬಲ್ಲಿ ಎರಡರ ಮೌಲ್ಯಗಳು ಬೇರೆಯಾಗುತ್ತವೆ. ಕೋಟಿಗಟ್ಟಲೆ ಸಾಲದಿಂದ ಬಿಡುಗಡೆ ಪಡೆದ ಸೇವಕ ತನಗೆ ಅಲ್ಪ ಸಾಲ ಕೊಡಬೇಕಾದವನ ಕುತ್ತಿಗೆ ಹಿಸುಕಿದ ಸಾಮ್ಯ ಇಂಥ ಎಡೆಯಲ್ಲಿ ಉಪಮೆಯಾಗಿ ಉಳಿಯದೆ ನೇರ ವರದಿಯಂತೆ ಕೇಳುತ್ತದೆ.

ಕೂಲಿ ಮತ್ತು ತೂಕ

ದ್ರಾಕ್ಷಾತೋಟದ ಆಳುಗಳ ಸಾಮ್ಯದಲ್ಲಿ ತೋಟದ ಯಜಮಾನ ಬೆಳಗಿನಿಂದ ಸಂಜೆಯವರೆಗೆ ಹಲವು ಬಾರಿ ಪೇಟೆಗೆ ಹೋಗಿ, ಕೆಲಸವಿಲ್ಲದೆ ನಿಂತವರನ್ನು ಕರೆತರುತ್ತಾನೆ. ದಿನದ ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಮುಂಜಾನೆ ಬಂದವರು ಗೊಣಗುತ್ತಾರೆ. ಈ ಸಾಮ್ಯವನ್ನು ದೇವರ ಕೃಪೆಯ ರೂಪಕವಾಗಿ ಮಾತ್ರ ವಿವರಿಸುವುದು ವಾಡಿಕೆ. ಬೆಳಗಿನ ರೈಲಿನಲ್ಲಿ ಮಾಲೂರಿನಿಂದ ಬೆಂಗಳೂರಿಗೆ ದುಡಿಮೆಗಾಗಿ ಹೊರಡುವವರಿಗೂ, ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಕಾರ್ಖಾನೆಗಳಲ್ಲಿ ದುಡಿಯುವವರಿಗೂ, ಪಟ್ಟಣದ ವೃತ್ತಗಳಲ್ಲಿ ಕರೆಯುವವರಿಗಾಗಿ ಕಾಯುವವರಿಗೂ ಅದು ಬೇರೆಯಾಗಿಯೂ ಅರ್ಥವಾಗಬಲ್ಲದು. ಸಂಜೆಯವರೆಗೆ ನಿಂತವನು ಸೋಮಾರಿಯಲ್ಲ. ಯಾರೂ ಕರೆಯಲಿಲ್ಲವಾದ್ದರಿಂದ ನಿಂತವನು. ಅವನ ಮನೆಯಲ್ಲಿಯೂ ಅಷ್ಟೇ ಬಾಯಿಗಳಿವೆ. ಕೂಲಿಯನ್ನು ದುಡಿದ ಗಂಟೆಯಿಂದ ಮಾತ್ರ ಅಳೆಯದೆ ಮನೆಯ ಅಗತ್ಯದಿಂದಲೂ ಅಳೆಯುವ ನ್ಯಾಯವೊಂದನ್ನು ಈ ಸಾಮ್ಯ ಮುಂದಿಡುತ್ತದೆ. ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ಮೋಶೆಯ ಧರ್ಮಶಾಸ್ತ್ರದ ವಿಧಿ ಇದರ ಹಿನ್ನೆಲೆಯಲ್ಲಿದೆ. ಕ್ರೈಸ್ತನೊಬ್ಬ ಗಾರೆಕೆಲಸದ ಮೇಸ್ತ್ರಿಯಾಗಿದ್ದರೆ, ವಾರದ ಬಟವಾಡೆಯನ್ನು ಮುಂದೂಡದಿರುವುದು ಅವನ ಮಟ್ಟಿಗೆ ದೇವರ ರಾಜ್ಯದ ಪ್ರಶ್ನೆಯೇ.

ತೂಕ ಮತ್ತು ಅಳತೆಯ ಪ್ರಾಮಾಣಿಕತೆಯೂ ಇಂಥದೇ. ಕೋಲಾರದ ಕೃಷಿ ಮಾರುಕಟ್ಟೆಯೂ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಯೂ ಟೊಮ್ಯಾಟೊ ವಹಿವಾಟಿಗೆ ಹೆಸರಾದವು. ಶ್ರೀನಿವಾಸಪುರ ಮಾವಿಗೆ ಹೆಸರಾದುದು. ಸುಮಾರು 15 ಕಿಲೋ ಹಿಡಿಯುವ ಬಾಕ್ಸಿನಲ್ಲಿ ಮೇಲಿನ ಪದರಕ್ಕೆ ಮಾತ್ರ ಒಳ್ಳೆಯ ಹಣ್ಣು ಜೋಡಿಸುವ ಆಸೆ ಬೆಳೆಗಾರನಿಗೆ, ಕಮಿಷನ್ನಿನ ಲೆಕ್ಕದಲ್ಲಿ ಕೈಯಾಡಿಸುವ ಆಸೆ ಮಂಡಿಯವನಿಗೆ ಬರಬಹುದು. ಬೆಲೆ ಒಂದು ವಾರ ಮುಗಿಲು ಮುಟ್ಟಿ ಮರುವಾರ ರಸ್ತೆಗೆ ಸುರಿಯುವಂತಾಗುವ ವ್ಯಾಪಾರದಲ್ಲಿ ಪ್ರಾಮಾಣಿಕತೆ ಅಗ್ಗದ ಗುಣವಲ್ಲ. ಭಕ್ತಿ ಎಷ್ಟೆಂಬುದು ಪ್ರಾರ್ಥನೆಯ ದನಿಯಲ್ಲಿ ತಿಳಿಯದಿದ್ದರೂ ಬಾಕ್ಸಿನ ಕೆಳಪದರದಲ್ಲಿ ತಿಳಿಯುತ್ತದೆ. ಕಾಯಕ ಶುದ್ಧವಾಗಿರಬೇಕೆಂದ ವಚನಕಾರರ ನಾಡಿನಲ್ಲಿ ಈ ಮಾತು ಪರಕೀಯವಾಗಿ ಕೇಳಬೇಕಾದುದಿಲ್ಲ.

ಪಂಕ್ತಿ ಮತ್ತು ಹೆಸರು

ದೇವರ ರಾಜ್ಯದ ಅತ್ಯಂತ ಸ್ಪಷ್ಟವಾದ ಚಿತ್ರ ಊಟದ ಚಿತ್ರ. ಯೇಸುವಿನ ಮೇಲಿನ ಆಪಾದನೆಗಳಲ್ಲೊಂದು ಆತನು ಸಮಾಜ ದೂರವಿಟ್ಟವರ ಜೊತೆ ಕುಳಿತು ಉಣ್ಣುತ್ತಾನೆ ಎಂಬುದೇ ಆಗಿತ್ತು. ಪಂಕ್ತಿಭೇದವೇ ಜಾತಿಯ ದಿನನಿತ್ಯದ ರೂಪವಾಗಿರುವ ಸಮಾಜದಲ್ಲಿ ಒಂದೇ ರೊಟ್ಟಿಯನ್ನು ಮುರಿದು ಹಂಚುವ, ಒಂದೇ ಪಾತ್ರೆಯಿಂದ ಕುಡಿಯುವ ಕರ್ತನ ಭೋಜನ ಸಣ್ಣ ಕ್ರಾಂತಿಯಲ್ಲ. ಆದರೆ ಭಾರತದ ಸಭೆಗಳು ಆ ಕ್ರಾಂತಿಯನ್ನು ಬಲಿಪೀಠದ ಬಳಿಯಲ್ಲಿ ಒಪ್ಪಿ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿವೆ ಎಂಬ ಟೀಕೆ ಒಳಗಿನಿಂದಲೇ ಬಂದಿದೆ. ಭೋಜನದಲ್ಲಿ ಜೊತೆಗೂಡುವವರು ಮದುವೆಯಲ್ಲಿ ಜಾತಿ ಹುಡುಕುತ್ತಾರೆ. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸ ಇಂಥ ಆತ್ಮವಿಮರ್ಶೆಯ ಆರಂಭಬಿಂದುಗಳಲ್ಲೊಂದು. ಭಾರತೀಯ ಕ್ರೈಸ್ತ ಚಿಂತನೆಯು ಮೇಲ್ಜಾತಿಯ ತತ್ವಜ್ಞಾನದೊಡನೆ ಸಂವಾದಿಸುತ್ತ, ಸಭೆಯ ಬಹುಸಂಖ್ಯಾತರಾದ ದಲಿತರ ನೋವನ್ನು ಮರೆತಿದೆಯೆಂಬ ಆ ವಾದ ಮುಂದೆ ದಲಿತ ದೇವತಾಶಾಸ್ತ್ರವಾಗಿ ಬೆಳೆಯಿತು. ಬೂಸಾ ಪ್ರಕರಣದ ನಂತರದ ದಲಿತ ಚಳವಳಿ ಬಲವಾಗಿ ಬೇರೂರಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದಾಗಿರುವುದರಿಂದ ಈ ಚರ್ಚೆ ಇಲ್ಲಿಗೆ ನೇರವಾಗಿ ಸಂಬಂಧಿಸುತ್ತದೆ.

ಇದಕ್ಕಿಂತ ಜಟಿಲವಾದುದು ಹೆಸರಿನ ಪ್ರಶ್ನೆ. 1950ರ ಪರಿಶಿಷ್ಟ ಜಾತಿ ಆದೇಶವು ಆ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಹೊರಗುಳಿದರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಪ್ರವರ್ಗ 1ರಲ್ಲಿಯೂ ಇತರ ಕ್ರೈಸ್ತರನ್ನು 3ಬಿಯಲ್ಲಿಯೂ ಇರಿಸಲಾಗಿದೆ. ದಲಿತ ಕ್ರೈಸ್ತರಿಗೂ ಪರಿಶಿಷ್ಟ ಸ್ಥಾನ ವಿಸ್ತರಿಸಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಶಿಫಾರಸು ಮಾಡಿತು. ಅದೇ ಪ್ರಶ್ನೆಯ ಅಧ್ಯಯನಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಜಾತಿಯ ಹೆಸರಿನೊಡನೆ ‘ಕ್ರಿಶ್ಚಿಯನ್’ ಎಂಬ ಪದ ಸೇರಿದ ಉಪಗುಂಪುಗಳು ಪಟ್ಟಿಯಲ್ಲಿ ಕಾಣಿಸಿಕೊಂಡಾಗ ದೊಡ್ಡ ವಿವಾದವೇ ಎದ್ದಿತು.

ಈ ವಿವರಗಳ ಹಿಂದೆ ಒಂದು ನೈತಿಕ ಇಕ್ಕಟ್ಟಿದೆ. ಸತ್ಯವನ್ನು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ನೇರವಾಗಿ ನುಡಿಯುವುದು ದೇವರ ರಾಜ್ಯದ ಮೌಲ್ಯ. ಭಾನುವಾರ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಹೊತ್ತು ಬಾಳುವವನನ್ನು ಸುಳ್ಳುಗಾರನೆಂದು ನಿಂದಿಸುವುದು ಸುಲಭ. ಆದರೆ ಧರ್ಮ ಬದಲಿಸಿದರೂ ಊರಿನಲ್ಲಿ ಕೇರಿ ಬದಲಾಗದು, ಹೋಟೆಲಿನ ಲೋಟ ಬದಲಾಗದು. ದಾಖಲೆಯಲ್ಲಿ ಮಾತ್ರ ಜಾತಿ ಇಲ್ಲವಾಗುತ್ತದೆ. ಸತ್ಯ ನುಡಿದವನು ಮಗಳ ವಿದ್ಯಾರ್ಥಿವೇತನವನ್ನು ತೆರಬೇಕಾದ ವ್ಯವಸ್ಥೆಯಲ್ಲಿ ಅಸತ್ಯದ ಹೊಣೆಯನ್ನು ಆ ತಂದೆಯೊಬ್ಬನ ಮೇಲೆ ಹಾಕುವಂತಿಲ್ಲ. ಅವನ ಆತ್ಮಸಾಕ್ಷಿಗೆ ಸತ್ಯದ ಭಾರವಿದೆ. ಅದನ್ನು ಯಾರೂ ಇಳಿಸಲಾರರು. ಹಾಗೆಯೇ ಆ ಸತ್ಯವನ್ನು ನುಡಿಯಲು ಬೇಕಾದ ನ್ಯಾಯವನ್ನು ಒದಗಿಸುವ ಭಾರ ಸಭೆಯ ಮೇಲೂ ಪ್ರಭುತ್ವದ ಮೇಲೂ ಇದೆ. ‘ನೀತಿ’ ಪದವನ್ನು ಸದಾಚಾರಕ್ಕೆ ಮಾತ್ರ ಸೀಮಿತಗೊಳಿಸಿದರೆ ಮೊದಲನೆಯದಷ್ಟೇ ಕಾಣುತ್ತದೆ. ನ್ಯಾಯವನ್ನೂ ಸೇರಿಸಿದರೆ ಎರಡೂ ಕಾಣುತ್ತವೆ.

ಕ್ಷಮೆ ಮತ್ತು ನ್ಯಾಯ

2021ರ ಡಿಸೆಂಬರಿನಲ್ಲಿ ಶ್ರೀನಿವಾಸಪುರದಲ್ಲಿ ಕ್ರೈಸ್ತ ಧಾರ್ಮಿಕ ಪುಸ್ತಕಗಳನ್ನು ಬೆಂಕಿಗೆ ಹಾಕಿದ ಘಟನೆ ರಾಷ್ಟ್ರೀಯ ಮಾಧ್ಯಮಗಳಲ್ಲಿ ವರದಿಯಾಯಿತು. ರಾಜ್ಯದಲ್ಲಿ ಮತಾಂತರ ನಿಷೇಧ ಮಸೂದೆಯ ಚರ್ಚೆ ಕಾವೇರಿದ್ದ ಸಮಯವದು. ಹಗೆಯವರನ್ನು ಪ್ರೀತಿಸಬೇಕು, ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು ಎಂಬ ಬೋಧನೆ ಇಂಥ ಸಂದರ್ಭದಲ್ಲಿ ಮಾತಿನಿಂದ ನಡೆಗೆ ಬರಬೇಕಾಗುತ್ತದೆ.

ಈ ಬೋಧನೆಯನ್ನು ಮೌನದ ಬೋಧನೆಯೆಂದು ತಿಳಿಯುವ ಅಪಾಯವಿದೆ. ಮೆಥಡಿಸ್ಟ್ ಮಿಷನರಿಯಾಗಿ ಭಾರತದಲ್ಲಿ ದೀರ್ಘಕಾಲ ಬಾಳಿದ ಇ. ಸ್ಟ್ಯಾನ್ಲಿ ಜೋನ್ಸ್ (1884–1973) ದೇವರ ರಾಜ್ಯವನ್ನೇ ತಮ್ಮ ಚಿಂತನೆಯ ಕೇಂದ್ರವಾಗಿಸಿಕೊಂಡವರು. ಗಾಂಧೀಜಿಯವರ ಅಹಿಂಸೆಯಲ್ಲಿ ಪರ್ವತಪ್ರಸಂಗದ ಮೌಲ್ಯಗಳು ಸಾರ್ವಜನಿಕ ಬದುಕಿಗೆ ಬಂದುದನ್ನು ಅವರು ಗುರುತಿಸಿದರು. ಅನ್ಯಾಯವನ್ನು ಅನ್ಯಾಯವೆಂದು ಕರೆಯುವುದು, ಕಾನೂನಿನ ರಕ್ಷಣೆ ಕೇಳುವುದು, ಆದರೆ ಎದುರಿಗಿರುವವನನ್ನು ಶಾಶ್ವತ ಶತ್ರುವಾಗಿ ಕಾಣದಿರುವುದು — ಈ ಮೂರೂ ಒಟ್ಟಿಗೆ ಇರಬಲ್ಲವೆಂಬುದು ಆ ಅನುಭವದಿಂದ ದೊರೆಯುವ ಪಾಠ. ಅಂತೆಯೇ ಸುವಾರ್ತೆ ಸಾರುವವನೂ ತನ್ನ ನೆರೆಯವನ ದೇವರನ್ನು ಹೀನಾಯವಾಗಿ ಮಾತನಾಡದಿರುವುದು ಅದೇ ಮೌಲ್ಯದ ಇನ್ನೊಂದು ಮುಖ. ಹಳ್ಳಿಯ ಜಾತ್ರೆ, ಉರುಸು, ಕ್ರಿಸ್‌ಮಸ್‌ಗಳಲ್ಲಿ ಒಬ್ಬರ ಮನೆಯ ಸಿಹಿ ಇನ್ನೊಬ್ಬರ ಮನೆಗೆ ಹೋಗುವ ರೂಢಿ ಉಳಿದಿರುವಷ್ಟು ಕಾಲ ಸಂಧಾನದ ದಾರಿ ಮುಚ್ಚುವುದಿಲ್ಲ.

ನೀರುಗಂಟಿಯ ಮಾದರಿ

ಕನ್ನಡ ಸತ್ಯವೇದದಲ್ಲಿ ಒಡೆಯನ ಆಸ್ತಿಯನ್ನು ನೋಡಿಕೊಳ್ಳುವ ಹೊಣೆಗೆ ‘ಮನೆವಾರ್ತೆ’ ಎಂಬ ಸೊಗಸಾದ ಪದವಿದೆ. ಕೋಲಾರ ಸೀಮೆಯಲ್ಲಿ ಇದಕ್ಕೆ ಹತ್ತಿರದ ಪಾತ್ರವೊಂದು ಊರಿನ ವ್ಯವಸ್ಥೆಯಲ್ಲಿಯೇ ಇತ್ತು. ಅದು ನೀರುಗಂಟಿಯ ಪಾತ್ರ. ಕೆರೆಯ ತೂಬು ತೆರೆದು ಮುಚ್ಚುವ, ಕಾಲುವೆಯ ಕೊನೆಯ ಗದ್ದೆಗೂ ನೀರು ತಲುಪಿತೇ ಎಂದು ನೋಡುವ ಹೊಣೆ ಅವನದು. ಈ ಕೆಲಸ ಮಾಡುತ್ತಿದ್ದವರು ಬಹುತೇಕ ದಲಿತರು. ನೀರು ಹಂಚುತ್ತಿದ್ದವನಿಗೆ ಅಚ್ಚುಕಟ್ಟಿನಲ್ಲಿ ದೊಡ್ಡ ಜಮೀನಿರಲಿಲ್ಲ. ಊರಿನ ಕಣ್ಣಿನಲ್ಲಿ ಅವನು ಆಳು. ನೀರಿನ ಮಟ್ಟಿಗೆ ಆಳುವವನು. ಕೆರೆಗಳು ಬತ್ತಿ ಕೊಳವೆಬಾವಿಗಳು ಬಂದಾಗ ಆ ಹೊಣೆಯೂ ಅಳಿಯಿತು. ನೀರು ಹಂಚಿಕೊಳ್ಳುವ ವಸ್ತುವಾಗಿ ಉಳಿಯದೆ ಕೊರೆಸಿದವನ ಸೊತ್ತಾಯಿತು. 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದೆ. ಅದರ ಗುಣಮಟ್ಟವನ್ನು ಕುರಿತ ಚರ್ಚೆಯೂ ನಡೆದಿದೆ. ನೀರು ಮರಳಿದೆ, ಹಂಚುವ ಹೊಣೆ ಮರಳಿದೆಯೇ ಎಂಬುದು ಬೇರೆ ಪ್ರಶ್ನೆ.

ದೇವರ ರಾಜ್ಯದ ಮೌಲ್ಯಗಳೆಂದು ಮೇಲೆ ಚರ್ಚಿಸಿದ ಸೇವೆ, ಸಾಲದಿಂದ ಬಿಡುಗಡೆ, ನ್ಯಾಯವಾದ ಕೂಲಿ, ಸಮಪಂಕ್ತಿ, ಸತ್ಯ, ಕ್ಷಮೆ ಇವುಗಳಲ್ಲಿ ಯಾವುದೂ ಕ್ರೈಸ್ತರ ಸ್ವಂತ ಸೊತ್ತಲ್ಲ. ಅವುಗಳಿಗೆ ಈ ನೆಲದ ಇತರ ಪರಂಪರೆಗಳಲ್ಲಿಯೂ ಸಮಾನಧರ್ಮಿಗಳಿವೆ. ಕ್ರೈಸ್ತರು ವಿಶಿಷ್ಟವಾಗಿ ಹೇಳುವುದು ಇಷ್ಟೇ: ಇವೆಲ್ಲ ಬಿಡಿ ಸದ್ಗುಣಗಳಲ್ಲ, ಒಂದೇ ಆಳ್ವಿಕೆಯ ಗುರುತುಗಳು, ಆ ಆಳ್ವಿಕೆ ಆಗಲೇ ಆರಂಭವಾಗಿದೆ, ಇನ್ನೂ ಪೂರ್ಣಗೊಂಡಿಲ್ಲ. ಅನುವಾದಕರು ‘ರಾಜ್ಯ’ವೆಂಬ ಪದವನ್ನು ಆರಿಸಿಕೊಂಡಾಗ ಅವರ ಮುಂದೆ ಅರಸೊತ್ತಿಗೆಯ ಕಾಲವಿತ್ತು. ಪ್ರಜಾಪ್ರಭುತ್ವದ ಕಾಲದ ಕನ್ನಡ ಓದುಗರು ಅದೇ ಪದದೊಳಗೆ ‘ಆಳು’ವಿನ ಎರಡೂ ಅರ್ಥಗಳನ್ನು ಕೇಳಿಸಿಕೊಳ್ಳಬೇಕಾಗಿದೆ. ಕ್ರೈಸ್ತ ಕನ್ನಡದ ಅಧ್ಯಯನವು ಈವರೆಗೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳಿಗೆ ಮಿಷನರಿಗಳು ಸಲ್ಲಿಸಿದ ಸೇವೆಯನ್ನು ವಿವರವಾಗಿ ದಾಖಲಿಸಿದೆ. ಪ್ರಾರ್ಥನೆಯ ಪದವೊಂದು ಬಡ್ಡಿಯ ಲೆಕ್ಕದ ಮುಂದೆ, ಬಟವಾಡೆಯ ಮುಂದೆ, ಜಾತಿ ಪ್ರಮಾಣಪತ್ರದ ಮುಂದೆ ಏನಾಗುತ್ತದೆಂಬುದನ್ನೂ ಆ ಅಧ್ಯಯನ ತನ್ನ ವ್ಯಾಪ್ತಿಗೆ ತಂದುಕೊಂಡರೆ, ಕೋಲಾರದಂಥ ಗಡಿಜಿಲ್ಲೆಗಳ ಸಣ್ಣ ಸಭೆಗಳ ಬದುಕೂ ಕನ್ನಡ ಸಂಸ್ಕೃತಿಯ ಚರಿತ್ರೆಯೊಳಗೆ ತಕ್ಕ ಸ್ಥಾನ ಪಡೆಯುತ್ತದೆ.